ಹಾರುವವರ ವೈದ್ಯಶಾಲೆ

ಅಡಿಕೆ ಮರದ ತುದಿಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವನಿಗೆ ಕಣ್ಣು ಕತ್ತಲೆ ಬಂದರೆ ಏನಾದೀತೆಂದು ನಿಮಗೆ ಹೇಳಬೇಕಾಗಿಲ್ಲ. ಯುದ್ಧವಿಮಾನ ನಡೆಸುವವನಿಗೂ ಅದೇ ಭಯ. ವಿಮಾನವು ವೇಗದಲ್ಲಿ ತಟ್ಟನೆ ತಿರುಗಿದಾಗ ತಲೆಯ ರಕ್ತವು ಕಾಲಿನ ಕಡೆಗೆ ಇಳಿದು, ಮೊದಲು ಕಣ್ಣು ಮಂಕಾಗಿ, ಮತ್ತೆ ಸ್ಮೃತಿಯೇ ತಪ್ಪುವುದುಂಟು.

ಈ ವಿಷಯದಲ್ಲಿ ವೈದ್ಯರನ್ನು ತರಬೇತುಗೊಳಿಸಲು ವಾಯುಪಡೆಯು 1957ರಲ್ಲಿ ಬೆಂಗಳೂರಿನಲ್ಲಿ ಒಂದು ಶಾಲೆ ತೆರೆಯಿತು. ಈಗ ಅದರ ಹೆಸರು ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಸೈನ್ಯದ ವೈದ್ಯರು ಇಲ್ಲಿ ಎಂ.ಡಿ. ಪದವಿಗೂ ಓದುತ್ತಾರೆ. ಉದ್ದ ತೋಳಿನ ತುದಿಗೆ ಆಸನವಿರುವ ಯಂತ್ರದಲ್ಲಿ ಚಾಲಕನನ್ನು ಕೂರಿಸಿ ಗರಗರನೆ ತಿರುಗಿಸುತ್ತಾರೆ. (ಜಾತ್ರೆಯ ತೊಟ್ಟಿಲೆಂದು ತಿಳಿಯಬೇಡಿ!) ಕಾಲು, ಹೊಟ್ಟೆಯ ಸ್ನಾಯು ಬಿಗಿಹಿಡಿದು ರಕ್ತವನ್ನು ತಲೆಯಲ್ಲಿ ನಿಲ್ಲಿಸಿಕೊಳ್ಳುವುದನ್ನು ಅವನು ಅಲ್ಲಿ ಕಲಿಯಬೇಕು. ಇನ್ನೊಂದು ಕೋಣೆಯಿಂದ ಗಾಳಿಯನ್ನು ಹೀರಿ ತೆಗೆಯುತ್ತಾರೆ. 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡವು ಪುತ್ತೂರಿನದರ ಸುಮಾರು ಅರ್ಧ ಮಾತ್ರ. ಅಲ್ಲಿ ಬುದ್ಧಿ ಮಂಕಾದರೂ ಅವನಿಗೇ ತಿಳಿಯದು. ಆ ಲಕ್ಷಣವನ್ನು ನೆಲದಲ್ಲಿಯೇ ಗುರುತಿಸಲು ಈ ಏರ್ಪಾಡು.

1984ರಲ್ಲಿ ಅಂತರಿಕ್ಷಕ್ಕೆ ಹೋದ ರಾಕೇಶ್ ಶರ್ಮಾ ಅವರನ್ನು ಪರೀಕ್ಷಿಸಿದ್ದು ಇಲ್ಲಿ. 2019ರಲ್ಲಿ ಗಗನಯಾನದ ಆಯ್ಕೆಯ ಮೊದಲ ಹಂತವೂ ಇಲ್ಲಿಯೇ ನಡೆಯಿತು.

ಶೀತವಾದವನನ್ನೂ ವೈದ್ಯರು ಹಾರಲು ಬಿಡುವುದಿಲ್ಲ. ನಮ್ಮ ಸುಳ್ಯ, ಕಡಬದ ತೋಟಗಳಲ್ಲಾದರೋ ಜ್ವರ ಬಂದವನೂ ಮರ ಹತ್ತುತ್ತಾನೆ.