ತಾತ ಚೌಕಾಬಾರ ಬಿಟ್ಟದ್ದೇಕೆ?

ಮೂರು ವರ್ಷದ ಹಿಂದಿನ ಮಾತು. ದಿನಾ ಸಂಜೆ ಮೊಮ್ಮಗಳ ಜೊತೆ ಚೌಕಾಬಾರ ಆಡುತ್ತಿದ್ದ ನಾನು ಒಂದು ದಿನ ‘ಇವತ್ತು ಬೇಡ ಪುಟ್ಟೀ’ ಎಂದೆ. ಮರುದಿನವೂ ಅದೇ ಮಾತು. ಹೀಗೇ ತಿಂಗಳು ಕಳೆಯಿತು. ಮನೆಯ ದೊಡ್ಡವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾದರು. ಅವಳೊಬ್ಬಳೇ, ‘ಅಮ್ಮಾ, ತಾತನಿಗೆ ಏನೋ ಆಗಿದೆ. ಬಿಸಿಬೇಳೆ ಬಾತನ್ನೂ ಅರ್ಧ ಬಿಟ್ಟರು’ ಎಂದು ಹಟ ಹಿಡಿದಳು. ಅವಳು ಹೇಳಿದ್ದೇ ಸರಿ. ನನಗೆ ಖಿನ್ನತೆ ಬಂದಿತ್ತು.

ಖಿನ್ನತೆ ಎಂದರೆ ಮೂಲೆಯಲ್ಲಿ ಕೂತು ಅಳುವುದು ಎಂದು ಸಿನಿಮಾ ನೋಡಿ ತಿಳಿದುಕೊಂಡವನು ನಾನು. ನನಗೆ ಅಳುವೇ ಬರಲಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಮೈಕೈ ನೋವು, ಮರೆವು. ಜೀವನವಿಡೀ ಬ್ಯಾಂಕಿನ ಲೆಡ್ಜರ್ ತಾಳೆ ನೋಡಿದವನಿಗೆ ಹಾಲಿನ ಲೆಕ್ಕ ಕೂಡಿಸುವುದೂ ಬೆಟ್ಟ ಹೊತ್ತಂತೆ. ವಯಸ್ಸಾದವರಲ್ಲಿ ಖಿನ್ನತೆ ಬಹಳ ಸಲ ಹೀಗೆ ಮೈನೋವಿನ ವೇಷದಲ್ಲೇ ಬರುತ್ತದೆ. ಮಕ್ಕಳಲ್ಲೂ ಬರಬಹುದು, ಅಲ್ಲಿ ದುಃಖಕ್ಕಿಂತ ಸಿಡುಕೇ ಎದ್ದು ಕಾಣಬಹುದು. ಬೇಸರ, ನಿರಾಸಕ್ತಿ 2 ವಾರ ಬಿಡದೆ ಕಾಡಿದರೆ ವೈದ್ಯರ ಬಳಿ ಹೋಗಬೇಕು.

ವೈದ್ಯರು ಮೊದಲು ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಕಡಿಮೆಯಾದರೂ, ಬಿ12 ಕೊರತೆಯಾದರೂ ಇಂಥದೇ ಲಕ್ಷಣಗಳಂತೆ. ವಂಶದ ಗುಣ, ಒಂಟಿತನ, ದೀರ್ಘಕಾಲದ ಕಾಯಿಲೆ, ಹೀಗೆ ಕಾರಣಗಳು ಹಲವು ಸೇರಿಕೊಳ್ಳುತ್ತವೆ. ನನ್ನ ಹೆಂಡತಿ ತೀರಿಕೊಂಡು ಆಗ ಎಂಟು ತಿಂಗಳು.

ಮಕ್ಕಳೇ, ಈ ಕಾಯಿಲೆಯ ಔಷಧಿ ಸಿಕ್ಕಿದ್ದೇ ಒಂದು ಕಥೆ. 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಹೊಸ ಔಷಧಿ ಕೊಟ್ಟರು. ಮಂಕಾಗಿ ಮಲಗಿದ್ದವರು ಎದ್ದು ನಗತೊಡಗಿದರು, ಕೆಲವರು ಕುಣಿದರು! ಲಿವರಿಗೆ ಹಾನಿಯೆಂದು ಮುಂದೆ ಅದನ್ನು ಕೈಬಿಟ್ಟರೂ, ಖಿನ್ನತೆಗೆ ಮಾತ್ರೆ ಸಾಧ್ಯ ಎಂಬುದು ಆಗ ತಿಳಿಯಿತು.

ನನಗೆ ಕೊಟ್ಟದ್ದು ಸರ್ಟ್ರಲೀನ್. ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಇದು ಮಾಡುತ್ತದೆ. ನಿದ್ದೆ ಮಾತ್ರೆಯಲ್ಲ, ಚಟವೂ ಹಿಡಿಸದು. ಮೊದಲ ವಾರ ವಾಕರಿಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಗುಣ ತೋರಲು 2ರಿಂದ 4 ವಾರ ಬೇಕು, ನಮ್ಮಂಥವರಿಗೆ ಇನ್ನೂ ಹೆಚ್ಚು. ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದೆಂದು ಮತ್ತೆ ರಕ್ತ ನೋಡಿದರು. ಮಾತ್ರೆಯ ಜೊತೆ ಆಪ್ತಸಮಾಲೋಚನೆ, ಸಂಜೆಯ ನಡಿಗೆ.

ಮೂರು ತಿಂಗಳಿಗೆ ಚೆನ್ನಾದೆ. ಆಗ ಜಾಣತನ ತೋರಿಸಿದೆ: ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ನಾಲ್ಕೇ ದಿನದಲ್ಲಿ ತಲೆಸುತ್ತು, ಸಿಡಿಮಿಡಿ. ತಿಂಗಳೊಳಗೆ ಮತ್ತೆ ಮೂರು ಗಂಟೆಯ ಎಚ್ಚರ. ಡಾಕ್ಟರು ಬೈಯಲಿಲ್ಲ. ಗುಣವಾದ ಮೇಲೂ ಕನಿಷ್ಠ 6 ತಿಂಗಳು ತೆಗೆದುಕೊಳ್ಳಬೇಕು, ಬಿಡುವಾಗ ಅವರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದು ವಿವರಿಸಿದರು. ಮೊದಲ ಸಲವೂ ಹೇಳಿದ್ದರಂತೆ. ನನ್ನ ಕಿವಿಗೆ ಬಿದ್ದಿರಲಿಲ್ಲ.

ಆ ದಿನಗಳಲ್ಲಿ ಒಮ್ಮೆ ‘ನಾನಿದ್ದೇನು ಪ್ರಯೋಜನ’ ಎಂದುಬಿಟ್ಟಿದ್ದೆ. ಮೊಮ್ಮಗಳು ಓಡಿಹೋಗಿ ಅಮ್ಮನಿಗೆ ಹೇಳಿದಳು. ಮಕ್ಕಳೇ, ತಾತ ಅಜ್ಜಿಯರಾಗಲಿ, ಗೆಳೆಯರಾಗಲಿ ಇಂಥ ಮಾತಾಡಿದರೆ ಗುಟ್ಟಾಗಿಡಬೇಡಿ, ಕೂಡಲೇ ದೊಡ್ಡವರಿಗೆ ತಿಳಿಸಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಮ್ಮ ಮನೆಯ ಫ್ರಿಜ್ಜಿನ ಮೇಲೆ ಆ ನಂಬರನ್ನು ಮೊಮ್ಮಗಳೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ, ಗ್ಯಾಸಿನವರ ನಂಬರಿನ ಪಕ್ಕದಲ್ಲಿ.