ನಡುದಾರಿಯಲ್ಲಿ ಕಾರು ಕೈಕೊಟ್ಟರೆ? ರಸ್ತೆಬದಿ ನೆರವಿನ ಯೋಜನೆ ಕೊಳ್ಳುವ ಮುನ್ನ ಒಮ್ಮೆ ಓದಿ

ಬೆಂಗಳೂರು: ರಾತ್ರಿ ಹತ್ತು ಗಂಟೆ. ಶಿರಾಡಿ ಘಾಟಿಯ ತಿರುವೊಂದರಲ್ಲಿ ಕಾರು ನಿಂತುಬಿಡುತ್ತದೆ. ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ, ನಿದ್ದೆಗಣ್ಣಿನ ಮಕ್ಕಳು. ಹೊರಗೆ ಎಡೆಬಿಡದ ಮಳೆ. ಮೊಬೈಲಿನಲ್ಲಿ ಸಿಗ್ನಲ್ ಬಂದಂತೆ ಮಾಡಿ ಮಾಯವಾಗುತ್ತದೆ. ಇಂತಹ ಹೊತ್ತಿನಲ್ಲಿ ಕಾರಿನ ಮಾಲೀಕರಿಗೆ ನೆನಪಾಗುವುದು, ವಿಮೆ ನವೀಕರಿಸುವಾಗ ಏಜೆಂಟರು ಹೇಳಿದ್ದ 'ಆರ್.ಎಸ್.ಎ.' ಎಂಬ ಮೂರಕ್ಷರ. ಅದು ತಮ್ಮ ಪಾಲಿಸಿಯಲ್ಲಿ ಇದೆಯೇ, ಇದ್ದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಆರ್.ಎಸ್.ಎ. ಎಂದರೆ ರೋಡ್‌ಸೈಡ್ ಅಸಿಸ್ಟೆನ್ಸ್, ಅರ್ಥಾತ್ ರಸ್ತೆಬದಿಯ ನೆರವು. ಪಂಕ್ಚರ್ ಆದ ಚಕ್ರ ಬದಲಿಸುವುದು, ಬ್ಯಾಟರಿ ಇಳಿದಿದ್ದರೆ ಜಂಪ್ ಸ್ಟಾರ್ಟ್ ಮಾಡಿಕೊಡುವುದು, ಖಾಲಿಯಾದ ಇಂಧನ ತಂದುಕೊಡುವುದು, ಕಾರಿನೊಳಗೇ ಉಳಿದ ಕೀಲಿಯನ್ನು ತೆಗೆಸಿಕೊಡುವುದು, ಸಣ್ಣಪುಟ್ಟ ದುರಸ್ತಿ ಮಾಡುವುದು, ಯಾವುದೂ ಸಾಧ್ಯವಾಗದಿದ್ದರೆ ವಾಹನವನ್ನು ಗ್ಯಾರೇಜಿಗೆ ಸಾಗಿಸುವುದು ಇದರ ಮುಖ್ಯ ಸೇವೆಗಳು. ವರ್ಷಕ್ಕೆ ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರ ರೂಪಾಯಿಗಳವರೆಗೆ ಶುಲ್ಕವಿರುವ ಈ ಯೋಜನೆಗಳು ಜಾಹೀರಾತಿನಲ್ಲಿ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸವಿರುವುದು ಷರತ್ತುಗಳಲ್ಲಿ.

ವಿಮೆ ಇದ್ದರೆ ಸಾಲದೇ?

ಸಾಲದು ಎಂಬುದೇ ಉತ್ತರ. ಸಮಗ್ರ ವಿಮೆ ಮಾಡಿಸಿದ್ದರೆ ಎಲ್ಲವೂ ಅದರಲ್ಲಿ ಅಡಕವಾಗಿದೆ ಎಂಬ ನಂಬಿಕೆ ಸರ್ವೇಸಾಮಾನ್ಯ. ಆದರೆ ಯಾಂತ್ರಿಕ ಅಥವಾ ವಿದ್ಯುತ್ ದೋಷದಿಂದ ವಾಹನ ಕೆಟ್ಟು ನಿಲ್ಲುವುದು ಮೂಲ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಖಾಸಗಿ ಕಾರುಗಳ ಪ್ರಮಾಣಿತ ಪಾಲಿಸಿಯಲ್ಲಿ, ಅಪಘಾತಕ್ಕೀಡಾದ ವಾಹನವನ್ನು ಹತ್ತಿರದ ದುರಸ್ತಿ ಕೇಂದ್ರಕ್ಕೆ ಸಾಗಿಸುವ ವೆಚ್ಚವನ್ನು ಒಂದು ಅಪಘಾತಕ್ಕೆ 1,500 ರೂ. ಮೀರದಂತೆ ಭರಿಸುವ ಅವಕಾಶವಷ್ಟೇ ಇದೆ. ಅದು ಅಪಘಾತಕ್ಕೆ ಮಾತ್ರ. ಬ್ಯಾಟರಿ ಇಳಿದರೆ, ಕ್ಲಚ್ ಕೆಟ್ಟರೆ ಆ ಹಣವೂ ಇಲ್ಲ.

ಇನ್ನೂ ಒಂದು ಷರತ್ತನ್ನು ಗಮನಿಸಬೇಕು. ಅಪಘಾತವಾದಾಗ ಅಥವಾ ವಾಹನ ಕೆಟ್ಟು ನಿಂತಾಗ, ಮುಂದಿನ ಹಾನಿಯನ್ನು ತಡೆಯುವ ಸೂಕ್ತ ಎಚ್ಚರಿಕೆ ವಹಿಸದೆ ಅದನ್ನು ಬಿಟ್ಟುಹೋಗುವಂತಿಲ್ಲ ಎಂದು ಪಾಲಿಸಿ ಹೇಳುತ್ತದೆ. ಮಳೆನೀರಿನಲ್ಲಿ ನಿಂತ ಕಾರನ್ನು ಪದೇಪದೇ ಚಾಲೂ ಮಾಡಲು ಯತ್ನಿಸಿ ಎಂಜಿನ್ ಹಾಳಾದರೆ ಪರಿಹಾರಕ್ಕೆ ತೊಡಕಾಗುವುದು ಇದರಿಂದಲೇ. ಅಂತಹ ಹೊತ್ತಿನಲ್ಲಿ ಕಾರನ್ನು ಚಾಲೂ ಮಾಡದೆ ಸಾಗಿಸುವ ವ್ಯವಸ್ಥೆ ಬೇಕಾಗುತ್ತದೆ. ರಸ್ತೆಬದಿ ನೆರವಿನ ನಿಜವಾದ ಬೆಲೆ ತಿಳಿಯುವುದು ಆಗ.

ನೆರವು ನೀಡುವವರು ಯಾರು?

ಈ ಸೇವೆ ಮುಖ್ಯವಾಗಿ ಮೂರು ಮೂಲಗಳಿಂದ ದೊರೆಯುತ್ತದೆ.

ಮೊದಲನೆಯದು ಕಾರು ತಯಾರಕರು. ಮಾರುತಿ ಸುಜುಕಿ, ಹ್ಯುಂಡೈ, ಟಾಟಾ, ಮಹೀಂದ್ರ, ಟೊಯೋಟಾ ಮುಂತಾದ ಕಂಪನಿಗಳು ಹೊಸ ಕಾರಿನೊಂದಿಗೆ ನಿರ್ದಿಷ್ಟ ಅವಧಿಯವರೆಗೆ ಈ ಸೌಲಭ್ಯ ನೀಡುತ್ತವೆ ಅಥವಾ ಹಣ ಪಡೆದು ವಿಸ್ತರಿಸುತ್ತವೆ. ವಾಹನವು ಅಧಿಕೃತ ಸರ್ವೀಸ್ ಕೇಂದ್ರಕ್ಕೇ ತಲುಪುತ್ತದೆ ಎಂಬುದು ಇದರ ಅನುಕೂಲ. ವಾರಂಟಿ ಅವಧಿಯಲ್ಲಿರುವ ಕಾರುಗಳಿಗೆ ಇದು ಮುಖ್ಯ.

ಎರಡನೆಯದು ವಿಮಾ ಕಂಪನಿಗಳು. ಸ್ವಂತ ವಾಹನದ ಹಾನಿಗೆ ರಕ್ಷಣೆ ನೀಡುವ ಪಾಲಿಸಿಯ ಜೊತೆಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಇದನ್ನು ಪಡೆಯಬಹುದು. ಸಾಮಾನ್ಯವಾಗಿ ಇದು ಅಗ್ಗ. ಆದರೆ ಕೇವಲ ಥರ್ಡ್ ಪಾರ್ಟಿ ವಿಮೆ ಮಾಡಿಸಿದವರಿಗೆ ಸಾಮಾನ್ಯವಾಗಿ ಈ ಸೌಲಭ್ಯ ಸಿಗುವುದಿಲ್ಲ.

ಮೂರನೆಯದು ಸ್ವತಂತ್ರ ಸೇವಾ ಸಂಸ್ಥೆಗಳು. ವಿಮೆ ಯಾರದ್ದೇ ಇರಲಿ, ಕಾರು ಎಷ್ಟೇ ಹಳೆಯದಿರಲಿ, ಇವುಗಳ ಸದಸ್ಯತ್ವ ಪಡೆಯಲು ಸಾಧ್ಯ. ಹಳೆಯ ಕಾರು ಬಳಸುವವರಿಗೆ ಇದೇ ಹೆಚ್ಚು ಉಪಯುಕ್ತ. ಆದರೆ ಹಣ ಕಟ್ಟಿದ ಮರುಕ್ಷಣವೇ ಸೇವೆ ಆರಂಭವಾಗುತ್ತದೆ ಎಂದು ಭಾವಿಸಬಾರದು. ಕೆಲವು ಯೋಜನೆಗಳಲ್ಲಿ ಕೆಲ ದಿನ ಕಾಯಬೇಕಾಗುತ್ತದೆ. ರಸ್ತೆಯಲ್ಲಿ ನಿಂತ ಮೇಲೆ ಸದಸ್ಯತ್ವ ಕೊಂಡರೆ ಪ್ರಯೋಜನವಾಗದಿರಲಿ ಎಂಬುದೇ ಈ ನಿಯಮದ ಉದ್ದೇಶ.

ಹೊಸದನ್ನು ಕೊಳ್ಳುವ ಮೊದಲು ಈಗಾಗಲೇ ಏನಿದೆ ಎಂಬುದನ್ನು ನೋಡಿಕೊಳ್ಳುವುದು ಜಾಣತನ. ಕಾರು ಕೊಂಡಾಗ ಕೊಟ್ಟ ಕೈಪಿಡಿ, ವಿಮಾ ಪಾಲಿಸಿಯ ಹೆಚ್ಚುವರಿ ರಕ್ಷಣೆಗಳ ಪಟ್ಟಿ, ವಿಸ್ತರಿತ ವಾರಂಟಿಯ ಪತ್ರ ಇವನ್ನು ತೆಗೆದು ಓದಿದರೆ, ಒಂದೇ ಸೇವೆಗೆ ಎರಡು ಕಡೆ ಹಣ ಕಟ್ಟಿರುವುದು ಕೆಲವರಿಗೆ ಗೊತ್ತಾಗಬಹುದು.

ಟೋಯಿಂಗ್ ದೂರದ ಲೆಕ್ಕಾಚಾರ

ಚಕ್ರ ಬದಲಿಸಲು ಯಾರಾದರೂ ಸಿಗುತ್ತಾರೆ. ಜೇಬಿಗೆ ಭಾರವಾಗುವುದು ಟೋಯಿಂಗ್. ಆದ್ದರಿಂದ ಯೋಜನೆಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದುದು ಎಷ್ಟು ಕಿ.ಮೀ.ವರೆಗೆ ಉಚಿತ ಎಂಬುದನ್ನು.

ಮಿತಿ 50 ಕಿ.ಮೀ. ಎಂದಿಟ್ಟುಕೊಳ್ಳೋಣ. ನಗರದೊಳಗೆ ಇದು ಧಾರಾಳವಾಯಿತು. ಆದರೆ ಗುಂಡ್ಯದ ಬಳಿ ಕೆಟ್ಟ ಕಾರನ್ನು ಹಾಸನಕ್ಕೆ ಒಯ್ದರೂ, ಮಂಗಳೂರಿಗೆ ಒಯ್ದರೂ ಮಿತಿ ಮೀರುತ್ತದೆ. ಮಿತಿ ಮೀರಿದ ಪ್ರತಿ ಕಿ.ಮೀ.ಗೂ ಮಾಲೀಕರೇ ಹಣ ತೆರಬೇಕು. ಉದಾಹರಣೆಗೆ, 75 ಕಿ.ಮೀ. ಸಾಗಿಸಬೇಕಾಗಿ, ಹೆಚ್ಚುವರಿ ದರ ಕಿ.ಮೀ.ಗೆ 40 ರೂ. ಇದ್ದರೆ, 25 ಕಿ.ಮೀ.ಗೆ 1,000 ರೂ. ಸ್ಥಳದಲ್ಲೇ ಕೊಡಬೇಕಾಗುತ್ತದೆ. ಈ ದರವನ್ನು ಮೊದಲೇ ಬರಹದಲ್ಲಿ ಪಡೆದಿರಬೇಕು.

ದೂರವನ್ನು ಎಲ್ಲಿಂದ ಅಳೆಯುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಕಾರು ನಿಂತ ಸ್ಥಳದಿಂದ ಗ್ಯಾರೇಜಿನವರೆಗೋ, ಅಥವಾ ಟೋಯಿಂಗ್ ವಾಹನ ತನ್ನ ನೆಲೆಯಿಂದ ಹೊರಟು ಹಿಂದಿರುಗುವವರೆಗೋ? ಎರಡನೆಯ ಕ್ರಮವಾದರೆ 50 ಕಿ.ಮೀ. ಎಂಬುದು ವಾಸ್ತವದಲ್ಲಿ 20 ಕಿ.ಮೀ.ಗೆ ಇಳಿದರೂ ಅಚ್ಚರಿಯಿಲ್ಲ. 'ಹತ್ತಿರದ ಗ್ಯಾರೇಜಿಗೆ' ಎಂದಿದೆಯೇ, 'ಮಾಲೀಕರು ಹೇಳಿದ ಗ್ಯಾರೇಜಿಗೆ' ಎಂದಿದೆಯೇ ಎಂಬುದನ್ನೂ ನೋಡಬೇಕು. ಹೆದ್ದಾರಿ ಟೋಲ್, ಕಂದಕಕ್ಕೆ ಜಾರಿದ ಕಾರನ್ನು ಕ್ರೇನ್‌ನಿಂದ ಮೇಲೆತ್ತುವ ವೆಚ್ಚ ಸಾಮಾನ್ಯವಾಗಿ ಮಾಲೀಕರದ್ದೇ.

'ಉಚಿತ' ಎಂಬ ಪದದ ಅರ್ಥ

ಇಂಧನ ತಂದುಕೊಡುವ ಸೇವೆಯಲ್ಲಿ ತಂದುಕೊಡುವುದಷ್ಟೇ ಉಚಿತ. ಹೆಚ್ಚಿನ ಯೋಜನೆಗಳಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ಬೆಲೆಯನ್ನು ಮಾಲೀಕರು ಕೊಡಬೇಕು. ಚಕ್ರ ಬದಲಿಸುವುದು ಉಚಿತವಾದರೂ ಪಂಕ್ಚರ್ ಹಾಕುವುದಕ್ಕೆ ಹಣ ಬೇಕಾಗಬಹುದು. ದುರಸ್ತಿಗೆ ಬಳಸುವ ಬಿಡಿಭಾಗಗಳ ಬೆಲೆಯೂ ಪ್ರತ್ಯೇಕ. ವರ್ಷಕ್ಕೆ ಇಷ್ಟೇ ಬಾರಿ ಎಂಬ ಮಿತಿಯೂ ಇರುತ್ತದೆ. ಊರಿನಿಂದ ದೂರ ಕೆಟ್ಟಾಗ ಟ್ಯಾಕ್ಸಿ ಅಥವಾ ಹೋಟೆಲ್ ವಾಸದ ವೆಚ್ಚ ಭರಿಸುವ ಯೋಜನೆಗಳಿದ್ದರೂ, ಮನೆಯಿಂದ ಇಂತಿಷ್ಟು ದೂರ ಹೋಗಿರಬೇಕು, ಅದೇ ದಿನ ದುರಸ್ತಿಯಾಗದಂತಿರಬೇಕು ಎಂಬ ಷರತ್ತುಗಳು ಜೊತೆಗಿರುತ್ತವೆ.

ಎಲ್ಲಿಗೆಲ್ಲ ಬರುತ್ತಾರೆ?

'ದೇಶದಾದ್ಯಂತ ಸೇವೆ' ಎಂಬ ಘೋಷಣೆಯನ್ನು ನಂಬಿ ಕೂರುವ ಬದಲು, ತಾವು ಪದೇಪದೇ ಸಂಚರಿಸುವ ದಾರಿಯ ಹೆಸರು ಹೇಳಿ ಕೇಳುವುದು ಲೇಸು. ಚಾರ್ಮಾಡಿ, ಆಗುಂಬೆ, ಸಂಪಾಜೆ ಘಾಟಿಗಳಿಗೆ ಬರುತ್ತಾರೆಯೇ? ಅತಿ ಸಮೀಪದ ಟೋಯಿಂಗ್ ವಾಹನ ಯಾವ ಊರಿನಲ್ಲಿದೆ? ಕಲಬುರಗಿ, ಬೀದರ್ ಕಡೆಗೆ ಹೋಗುವವರು ಅಲ್ಲಿನ ವ್ಯವಸ್ಥೆಯನ್ನೇ ವಿಚಾರಿಸಬೇಕು. ಬೆಂಗಳೂರಿನಲ್ಲಿ ಉತ್ತಮ ಸೇವೆ ನೀಡುವ ಸಂಸ್ಥೆಗೆ ಸಣ್ಣ ಊರಿನಲ್ಲಿ ಒಬ್ಬ ಪ್ರತಿನಿಧಿಯೂ ಇಲ್ಲದಿರಬಹುದು.

ಸ್ಥಳೀಯ ನಿರ್ಬಂಧಗಳೂ ಉಂಟು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಹಾಗೂ ಆಟೊಗಳ ಸಂಚಾರವನ್ನು ನಿಷೇಧಿಸಲಾಗಿದೆ. ಬೈಕಿನಲ್ಲಿ ಮೆಕ್ಯಾನಿಕ್ ಕಳುಹಿಸುವ ಸಂಸ್ಥೆ ಅಲ್ಲಿ ಹೇಗೆ ನೆರವಾಗುತ್ತದೆ ಎಂದು ಕೇಳಬೇಕಾದುದು ಸಹಜ. ಬಂಡೀಪುರ ಅರಣ್ಯದೊಳಗಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಸಂಜೆ ತಡವಾಗಿ ಕಾಡು ಪ್ರವೇಶಿಸಿ ಅಲ್ಲಿ ಕಾರು ಕೆಟ್ಟರೆ, ಯಾವ ಯೋಜನೆಯಿದ್ದರೂ ನೆರವು ಬರುವುದು ಕಷ್ಟ.

ವಾಹನಕ್ಕೆ ತಕ್ಕ ವ್ಯವಸ್ಥೆ

ಎಲ್ಲ ಕಾರುಗಳನ್ನೂ ಮುಂಭಾಗ ಎತ್ತಿ ಹಿಂಬದಿ ಚಕ್ರಗಳ ಮೇಲೆ ಎಳೆದೊಯ್ಯಲಾಗದು. ವಿದ್ಯುತ್ ಚಾಲಿತ ಕಾರುಗಳು, ನಾಲ್ಕೂ ಚಕ್ರಗಳಿಗೆ ಚಾಲನಶಕ್ತಿ ಇರುವ ಕಾರುಗಳು ಹಾಗೂ ಹಲವು ಆಟೊಮ್ಯಾಟಿಕ್ ಕಾರುಗಳನ್ನು ನಾಲ್ಕು ಚಕ್ರಗಳೂ ನೆಲ ಬಿಟ್ಟಿರುವಂತೆ, ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಏರಿಸಿಯೇ ಸಾಗಿಸಬೇಕು. ಇಲ್ಲವಾದರೆ ಮೋಟಾರು ಅಥವಾ ಗೇರ್‌ಬಾಕ್ಸ್ ಕೆಡುವ ಅಪಾಯವಿದೆ. ಇಂತಹ ಕಾರು ಇರುವವರು ಫ್ಲ್ಯಾಟ್‌ಬೆಡ್ ಖಚಿತವೇ ಎಂದು ಕೇಳಲೇಬೇಕು. ವಿದ್ಯುತ್ ಕಾರಿನ ಚಾರ್ಜ್ ದಾರಿಯಲ್ಲಿ ಮುಗಿದರೆ ಚಾರ್ಜಿಂಗ್ ಕೇಂದ್ರದವರೆಗೆ ಸಾಗಿಸುತ್ತಾರೆಯೇ ಎಂಬುದು ಇನ್ನೊಂದು ಪ್ರಶ್ನೆ. ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ ಮಾತ್ರ ಇರುವ ಕಾರುಗಳಿಗೆ ಚಕ್ರ ಬದಲಿಸುವ ಸೇವೆಯಿಂದ ಲಾಭವಿಲ್ಲ. ಅವುಗಳಿಗೆ ಟೋಯಿಂಗ್ ದೂರವೇ ಮುಖ್ಯ.

ಸೇವೆ ಸಿಗದಿದ್ದರೆ ದೂರು ಎಲ್ಲಿಗೆ?

ಯೋಜನೆ ಯಾರಿಂದ ಕೊಂಡದ್ದು ಎಂಬುದರ ಮೇಲೆ ಇದು ನಿಂತಿದೆ. ವಿಮಾ ಪಾಲಿಸಿಯ ಭಾಗವಾಗಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ನೀಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿ ತಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಯ ಮೊರೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ವ್ಯವಸ್ಥೆಯಲ್ಲಿಯೂ ದೂರು ದಾಖಲಿಸಲು ಅವಕಾಶವಿದ್ದು, ಸಹಾಯವಾಣಿ ಸಂಖ್ಯೆ 155255.

ಸ್ವತಂತ್ರ ಸಂಸ್ಥೆಯ ಸದಸ್ಯತ್ವ ವಿಮೆಯಲ್ಲ, ಸೇವಾ ಒಪ್ಪಂದ. ಅಲ್ಲಿ ವಿಮಾ ಒಂಬುಡ್ಸ್‌ಮನ್‌ಗೆ ಅಧಿಕಾರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಸಂಸ್ಥೆಯ ಕಚೇರಿ ಬೇರೆ ರಾಜ್ಯದಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಲು ಸಾಧ್ಯ. ಕರೆ ಮಾಡಿದ ಸಮಯ, ಅವರು ನೀಡಿದ ದೂರು ಸಂಖ್ಯೆ, ಬಂದ ಎಸ್ಸೆಮ್ಮೆಸ್, ಹಣ ಪಾವತಿಸಿದ ರಸೀದಿ ಇವೇ ಸಾಕ್ಷ್ಯ. ಇವನ್ನು ಅಳಿಸಬಾರದು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಸೇವೆ ಯಾವ ದಿನದಿಂದ ಆರಂಭ? ದಿನದ 24 ಗಂಟೆಯೂ ಲಭ್ಯವೇ?
* ಟೋಯಿಂಗ್ ಎಷ್ಟು ಕಿ.ಮೀ. ಉಚಿತ? ಎಲ್ಲಿಂದ ಲೆಕ್ಕ? ಹೆಚ್ಚುವರಿ ದರವೆಷ್ಟು?
* ವರ್ಷಕ್ಕೆ ಎಷ್ಟು ಬಾರಿ? ಟೋಯಿಂಗ್‌ಗೆ ಪ್ರತ್ಯೇಕ ಮಿತಿ ಇದೆಯೇ?
* ರಕ್ಷಣೆ ಕಾರಿಗೋ, ಮಾಲೀಕರಿಗೋ? ಮಗ ಅಥವಾ ಚಾಲಕ ಓಡಿಸುತ್ತಿದ್ದರೂ ಸಿಗುತ್ತದೆಯೇ?
* ಕಾರು ಮಾರಿದರೆ ಹೊಸ ಮಾಲೀಕರಿಗೆ ವರ್ಗಾವಣೆಯಾಗುತ್ತದೆಯೇ?
* ಕನ್ನಡದಲ್ಲಿ ಮಾತನಾಡುವ ಸಿಬ್ಬಂದಿ ಇದ್ದಾರೆಯೇ? ಘಾಟಿಯ ತಿರುವೊಂದರ ಗುರುತು ಹೇಳುವಾಗ ಇದು ಸಣ್ಣ ವಿಷಯವಲ್ಲ.
* ಹೇಳಿದ ಶುಲ್ಕದಲ್ಲಿ ಜಿ.ಎಸ್.ಟಿ. ಸೇರಿದೆಯೇ?

ನೆರವು ಬರುವವರೆಗೆ

ಯಾವ ಯೋಜನೆಯೂ ಇಲ್ಲದವರು ಸಹ ನಿರಾಶರಾಗಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು. ಟೋಲ್ ರಸ್ತೆಗಳಲ್ಲಿ ಗಸ್ತು ವಾಹನ, ಆಂಬುಲೆನ್ಸ್ ಹಾಗೂ ಕ್ರೇನ್ ವ್ಯವಸ್ಥೆ ಇರುತ್ತದೆ. ರಸ್ತೆಯಿಂದ ಕಾರನ್ನು ಬದಿಗೆ ಸರಿಸಲು ಇದು ನೆರವಾಗುತ್ತದೆಯೇ ಹೊರತು, ನಿಮ್ಮ ಊರಿನ ಗ್ಯಾರೇಜಿಗೆ ತಲುಪಿಸುವುದಿಲ್ಲ. ಪ್ರಾಣಾಪಾಯದ ಸಂದರ್ಭದಲ್ಲಿ 112 ಅಥವಾ 108ಕ್ಕೆ ಮೊದಲು ಕರೆ ಮಾಡಬೇಕು.

ಕಾರನ್ನು ಸಾಧ್ಯವಾದಷ್ಟು ಎಡಕ್ಕೆ ನಿಲ್ಲಿಸಿ, ಅಪಾಯ ಸೂಚಕ ದೀಪಗಳನ್ನು ಹಾಕಿ, ಪ್ರತಿಫಲಕ ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ವೇಗದ ಹೆದ್ದಾರಿಯಲ್ಲಿ ಎಲ್ಲರೂ ಎಡಬದಿಯಿಂದ ಇಳಿದು ತಡೆಬೇಲಿಯ ಆಚೆ ನಿಲ್ಲುವುದು ಕ್ಷೇಮ. ವನ್ಯಜೀವಿ ಪ್ರದೇಶದಲ್ಲಾದರೆ ಕಾರಿನಿಂದ ಇಳಿಯಬಾರದು. ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಹೇಳಿದರೆ ಸ್ಥಳ ಗುರುತಿಸುವುದು ಸುಲಭ.

ಗಾಬರಿಯಲ್ಲಿ ಸಹಾಯವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕುವುದು ಅಪಾಯಕಾರಿ. ಕಂಪನಿಗಳ ಹೆಸರಿನಲ್ಲಿ ನಕಲಿ ಸಂಖ್ಯೆಗಳನ್ನು ಹಾಕಿ, 'ನೋಂದಣಿಗೆ ಹತ್ತು ರೂಪಾಯಿ ಕಳುಹಿಸಿ' ಎಂದು ಲಿಂಕ್ ನೀಡಿ ಖಾತೆಗೆ ಕನ್ನ ಹಾಕುವವರಿದ್ದಾರೆ. ಪಾಲಿಸಿ ಪತ್ರದಲ್ಲಿರುವ ಸಂಖ್ಯೆಯನ್ನೇ ಬಳಸಬೇಕು.

ಕಡಿಮೆ ಬೆಲೆಯ ಯೋಜನೆಯೇ ಉತ್ತಮ ಎಂದಾಗಲೀ, ದುಬಾರಿಯಾದದ್ದೆಲ್ಲ ಒಳ್ಳೆಯದೆಂದಾಗಲೀ ಹೇಳಲಾಗದು. ನಗರದೊಳಗೇ ಓಡಾಡುವ ಹೊಸ ಕಾರಿಗೆ ತಯಾರಕರ ಸೌಲಭ್ಯವೇ ಸಾಕು. ತಿಂಗಳಿಗೊಮ್ಮೆ ಘಾಟಿ ಇಳಿಯುವ ಹತ್ತು ವರ್ಷದ ಕಾರಿಗೆ ಟೋಯಿಂಗ್ ಮಿತಿ ಹೆಚ್ಚಿರುವ ಯೋಜನೆ ಬೇಕು. ಯಾವುದನ್ನೇ ಆರಿಸಿಕೊಳ್ಳಿ, ಸಹಾಯವಾಣಿ ಸಂಖ್ಯೆ ಮತ್ತು ಪಾಲಿಸಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ. ಕಾರನ್ನು ಓಡಿಸುವ ಮನೆಯವರೆಲ್ಲರಿಗೂ ಅದು ಅಲ್ಲಿದೆ ಎಂದು ತಿಳಿಸಿ. ಮೊಬೈಲಿನ ಬ್ಯಾಟರಿಯೂ ಮುಗಿದ ರಾತ್ರಿಯಲ್ಲಿ ಆ ಚೀಟಿಯೇ ಆಸರೆಯಾದೀತು.