ಒಡಲು ಸೆರಗು ಕೂಡುವ ಊರು

ಕೊಪ್ಪಳ ಜಿಲ್ಲೆಯ ಹುಲಿಹೈದರ, ಕನಕಗಿರಿ ಕಡೆ ಮದುವೆ ಜವಳಿ ತರಲು ಹೊರಟರೆ ಗಂಟಿನಲ್ಲಿ ಒಂದಾದರೂ ಇಳಕಲ್ ಸೀರೆ ಬರಬೇಕು. ಜೊತೆಗೆ ರವಿಕೆಗೆ ಗುಳೇದಗುಡ್ಡದ ಖಣ. ಉಟ್ಟವರಿಗೆ ಇಳಕಲ್ ಸೀರೆಯ ಕೆಂಪು ಸೆರಗು ಗೊತ್ತು. ಆ ಸೆರಗು ಸೀರೆಗೆ ಹೇಗೆ ಕೂಡಿತು ಎಂದು ನೋಡಿದವರು ಕಡಿಮೆ.

ಇಳಕಲ್‌ನ ಕಸುಬೆಲ್ಲ ಇರುವುದು ಆ ಕೂಡುವಿಕೆಯಲ್ಲಿ. ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು, ಇಲ್ಲವೇ ಕೃತಕ ರೇಷ್ಮೆಯದು. ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆ ತೂರಿಸಿ, ಹೀಗೆ ಸೀರೆಯ ಪೂರ್ತಿ ಅಗಲಕ್ಕೂ ಕೂಡಿಸುತ್ತ ಹೋಗಬೇಕು. ಇದೇ ತೋಪು ತೆನೆ. ಆದ್ದರಿಂದ ಇಲ್ಲಿ ಉದ್ದಕ್ಕೆ ಹಾಸು ಹೂಡಿ ಥಾನುಗಟ್ಟಲೆ ನೇಯುವಂತಿಲ್ಲ, ಸೀರೆಗೊಂದು ಹಾಸು. ಇಷ್ಟೆಲ್ಲ ಪಾಡು 16ರಿಂದ 27 ಅಂಗುಲದ ಸೆರಗಿಗಾಗಿ! ಅಂಚಿಗೆ ಮತ್ತೊಂದು ಕೈಚಳಕ: ಮೂರು ಲಾಳಿ ಆಡಿಸಿ, ಅಂಚಿನ ಹೊಕ್ಕನ್ನು (ಅಡ್ಡ ಎಳೆಯನ್ನು) ಒಡಲಿನ ಹೊಕ್ಕಿಗೆ ಕೊಂಡಿ ಹಾಕುತ್ತಾರೆ. ಅಂಚಿನ ಬಣ್ಣ ಒಡಲಿಗೆ ಬೆರೆಯದೆ ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ.

ಒಂದು ಕಾಲಕ್ಕೆ ಇಳಕಲ್ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿ, ಪಕ್ಕದ ಕುಷ್ಟಗಿ ನಿಜಾಮನ ಸೀಮೆಯಲ್ಲಿ. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು; 1997ರಲ್ಲಿ ಮತ್ತೆ ಒಂದು ಬಾಗಲಕೋಟೆ ಜಿಲ್ಲೆಗೆ, ಇನ್ನೊಂದು ಕೊಪ್ಪಳ ಜಿಲ್ಲೆಗೆ. ಮಗ್ಗ ಈ ಗಡಿ ಕೇಳಲಿಲ್ಲ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರಗಳಲ್ಲೂ ನೇಯುವುದು ಇಳಕಲ್ ಸೀರೆಯನ್ನೇ.

ನೇಯ್ಗೆಯ ಊರುಗಳ ವ್ಯವಹಾರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಜರ್ಮನಿಯ ಕ್ರೆಫೆಲ್ಡ್ 18ನೇ ಶತಮಾನದಲ್ಲಿ ರೇಷ್ಮೆಗೆ ಹೆಸರಾದಾಗ ಫಾನ್ ಡೆರ್ ಲೈಯೆನ್ ಮನೆತನ ನೇಕಾರರ ಮನೆಗೆ ನೂಲು ಕೊಟ್ಟು ಬಟ್ಟೆ ಪಡೆಯುತ್ತಿತ್ತು. ಇಳಕಲ್‌ನಲ್ಲೂ ಸಾಹುಕಾರ ನೂಲು ಕೊಡುತ್ತಾನೆ, ನೇಕಾರ ಕೂಲಿಗೆ ನೇಯುತ್ತಾನೆ. ಕ್ರೆಫೆಲ್ಡ್‌ನ ಮನೆಮಗ್ಗಗಳನ್ನು ಕಾರ್ಖಾನೆ ನುಂಗಿತು. ಇಲ್ಲಿ ವಿದ್ಯುತ್ ಮಗ್ಗ ಬಂದ ಮೇಲೂ ಕೈಮಗ್ಗ ಪೂರ್ತಿ ನಿಂತಿಲ್ಲ.

ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ, ಸಂತೋಷ. ಆದರೆ ಅಂಗಡಿಯಲ್ಲಿ ಚೀಟಿ ನೋಡುವುದಕ್ಕಿಂತ ಸೀರೆ ಬಿಡಿಸಿ, ಸೆರಗು ಶುರುವಾಗುವಲ್ಲಿ ಎಳೆಗಳ ಕುಣಿಕೆ ಇದೆಯೇ ನೋಡುವುದು ಮೇಲು. ಹಾಸು ಹೂಡುವುದು, ಎಳೆ ಕೂಡಿಸುವುದು ಹೆಚ್ಚಾಗಿ ಮನೆಯ ಹೆಂಗಸರ ಕೆಲಸ. ಕೂಲಿ ಲೆಕ್ಕ ಮಾತ್ರ ನೇಯ್ದಿಟ್ಟ ಸೀರೆಗೆ.